ಅಕ್ವೇರಿಯಂ ಗಿಡಗಳ ಸಮ್ಮೇಳನ: ಹರಾಜಿನ ಮೇಜಿನಿಂದ ಕೆರೆಗೆ ಎಷ್ಟು ದೂರ?

ಹೈಸ್ಕೂಲಿನ ಪ್ರಯೋಗಾಲಯದ ಒಂದು ಪ್ರಯೋಗ ನಮ್ಮಲ್ಲಿ ಹಲವರಿಗೆ ನೆನಪಿರುತ್ತದೆ. ಬೀಕರಿನ ನೀರಿನಲ್ಲಿ ಹೈಡ್ರಿಲಾ ಗಿಡದ ಎಳೆಗಳನ್ನಿಟ್ಟು, ಮೇಲೆ ಗಾಜಿನ ಆಲಿಕೆ ಮಗುಚಿ, ಆಲಿಕೆಯ ತುದಿಗೆ ನೀರು ತುಂಬಿದ ಪ್ರನಾಳವನ್ನು ಬೋರಲು ಹಾಕಿ ಬಿಸಿಲಿಗಿಡುತ್ತಿದ್ದೆವು. ಸ್ವಲ್ಪ ಹೊತ್ತಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ದ್ಯುತಿಸಂಶ್ಲೇಷಣೆಯಲ್ಲಿ ಆಮ್ಲಜನಕ ಬಿಡುಗಡೆಯಾಗುತ್ತದೆ ಎಂದು ನಾವು ಕಣ್ಣಾರೆ ಕಂಡದ್ದು ಹಾಗೆ.

ಅದೇ ಹೈಡ್ರಿಲಾ ಅಮೆರಿಕದ ಕೇಂದ್ರ ಸರ್ಕಾರದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಅದನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವುದು ಅಲ್ಲಿ ಕಾನೂನುಬಾಹಿರ. ಆ ಗಿಡ ಅಲ್ಲಿಗೆ ಹೋದದ್ದು ಅಕ್ವೇರಿಯಂ ಹವ್ಯಾಸದ ದಾರಿಯಲ್ಲೇ. ಹಾಗಾಗಿ ಅಲ್ಲಿನ ಹವ್ಯಾಸಿ ಕ್ಲಬ್ಬುಗಳು ಅಕ್ವೇರಿಯಂ ಗಿಡಗಳ ಸಮ್ಮೇಳನ ನಡೆಸುವಾಗ ಸ್ವಯಂಸೇವಕರ ಮುಂದೆ ಒಂದು ಕಷ್ಟದ ಪ್ರಶ್ನೆ ಬರುತ್ತದೆ: ಯಾವ ಗಿಡವನ್ನು ಒಳಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು? ಈ ಪ್ರಶ್ನೆಗೆ ಇಷ್ಟು ಮಹತ್ವ ಏಕೆ ಎಂದು ನೋಡೋಣ.

ಸಮ್ಮೇಳನ ಎಂದರೆ ಏನು?

ಅಮೆರಿಕದ ಅಕ್ವಾಟಿಕ್ ಗಾರ್ಡನರ್ಸ್ ಅಸೋಸಿಯೇಷನ್‌ನಂತಹ ಹವ್ಯಾಸಿ ಸಂಘಗಳು ನಡೆಯುವುದು ಸ್ವಯಂಸೇವಕರಿಂದ. ಹಗಲು ಬೇರೆ ಉದ್ಯೋಗ ಮಾಡಿ, ಸಂಜೆ ಹೊತ್ತು ಸಮ್ಮೇಳನದ ಕೆಲಸಕ್ಕೆ ಕೂರುವವರು ಇವರು. ಸಮ್ಮೇಳನ ಸಾಮಾನ್ಯವಾಗಿ ಒಂದು ವಾರಾಂತ್ಯದ್ದು. ಉಪನ್ಯಾಸ, ತೊಟ್ಟಿಯಲ್ಲಿ ಗಿಡ ಜೋಡಿಸುವ ಕಾರ್ಯಾಗಾರ, ಪ್ರಾತ್ಯಕ್ಷಿಕೆ, ಮಾರಾಟ ಮಳಿಗೆ, ಒಂದು ಭೋಜನ, ಕೊನೆಯ ದಿನ ಗಿಡಗಳ ಹರಾಜು.

ಕೇಳಲು ಸರಳ. ಆದರೆ ಹೋಟೆಲಿನ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಇಂತಿಷ್ಟು ಕೋಣೆಗಳು ತುಂಬುತ್ತವೆ ಎಂದು ಮೊದಲೇ ಮಾತು ಕೊಡಬೇಕಾಗುತ್ತದೆ. ತುಂಬದಿದ್ದರೆ ಕ್ಲಬ್ಬೇ ಹಣ ಕಟ್ಟಬೇಕು. ಭಾಷಣಕಾರರ ಪ್ರಯಾಣ, ಸಭಾಂಗಣದ ಬಾಡಿಗೆ, ತೊಟ್ಟಿ ತುಂಬಲು ನೀರು, ಸೋರಿದರೆ ಕಾರ್ಪೆಟ್ಟಿನ ಖರ್ಚು ಎಲ್ಲವೂ ಸಣ್ಣ ಖಜಾನೆಯಿಂದಲೇ ಬರಬೇಕು. ಈ ಖಜಾನೆಗೆ ದೊಡ್ಡ ಆಸರೆ ಹರಾಜು. ಸದಸ್ಯರು ತಮ್ಮ ತೊಟ್ಟಿಯಲ್ಲಿ ಬೆಳೆದ ಗಿಡಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತರುತ್ತಾರೆ, ಹೆಸರಿನ ಚೀಟಿ ಅಂಟಿಸುತ್ತಾರೆ. ಹರಾಜಿನ ಹಣದಲ್ಲಿ ಒಂದು ಪಾಲು ಕ್ಲಬ್ಬಿಗೆ.

ಅಂದರೆ ಸಮ್ಮೇಳನಕ್ಕೆ ದುಡ್ಡು ತರುವುದೂ ಹರಾಜೇ, ಅಪಾಯ ತರುವುದೂ ಅದೇ. ಬೇರೆ ಬೇರೆ ರಾಜ್ಯಗಳ ತೊಟ್ಟಿಗಳಿಂದ ಬಂದ ಗಿಡಗಳು ಒಂದೇ ಮೇಜಿನ ಮೇಲೆ ಕೂಡಿ, ಸಂಜೆಯ ಹೊತ್ತಿಗೆ ಬೇರೆ ಬೇರೆ ರಾಜ್ಯಗಳಿಗೆ ಚದುರುತ್ತವೆ. ತಡೆದ ಪ್ರತಿ ಚೀಲದಿಂದ ಕ್ಲಬ್ಬಿಗೆ ಆದಾಯ ಕಡಿಮೆ, ತಂದ ಸದಸ್ಯರಿಗೆ ಬೇಸರ.

ಎಸೆದ ಒಂದು ಕಂತೆಯ ಕಥೆ

1950ರ ದಶಕದ ಆರಂಭದಲ್ಲಿ ಶ್ರೀಲಂಕಾದಿಂದ ಹೈಡ್ರಿಲಾ ಅಮೆರಿಕದ ಅಕ್ವೇರಿಯಂ ವ್ಯಾಪಾರಿಯೊಬ್ಬರ ಕೈ ಸೇರಿತು. ಅವರಿಂದ ಕೆಲವು ಕಂತೆಗಳು ಫ್ಲಾರಿಡಾದ ಟ್ಯಾಂಪಾಕ್ಕೆ ಹೋದವು. ‘ಇಂಡಿಯನ್ ಸ್ಟಾರ್ ವೈನ್’ ಎಂಬುದು ಆಗ ಅದರ ವ್ಯಾಪಾರದ ಹೆಸರು. ಗಿಡ ಚೆನ್ನಾಗಿಲ್ಲ ಎಂದು ಟ್ಯಾಂಪಾದ ವ್ಯಾಪಾರಿ ಹತ್ತಿರದ ಕಾಲುವೆಗೆ ಎಸೆದರು. ಅಲ್ಲಿ ಅದು ಸೊಂಪಾಗಿ ಬೆಳೆಯಿತು. 1960ರ ಹೊತ್ತಿಗೆ ಮಯಾಮಿಯ ಕಾಲುವೆಯೊಂದರಲ್ಲೂ ಕ್ರಿಸ್ಟಲ್ ನದಿಯಲ್ಲೂ ಕಾಣಿಸಿಕೊಂಡಿತು.

1990ರ ದಶಕದಲ್ಲಿ ವಿಜ್ಞಾನಿಗಳು ಹಲವು ದೇಶಗಳ ಹೈಡ್ರಿಲಾ ಮಾದರಿಗಳ ಡಿಎನ್‌ಎ ಹೋಲಿಸಿದರು. ಫ್ಲಾರಿಡಾದಲ್ಲಿ ಹರಡಿದ ಬಗೆಗೆ ತೀರಾ ಹತ್ತಿರ ಬಂದದ್ದು ಬೆಂಗಳೂರಿನ ಮಾದರಿ! ಫ್ಲಾರಿಡಾದ ಗಿಡ ಬೆಂಗಳೂರಿನಿಂದಲೇ ಹೊರಟಿತು ಎಂದು ಇದರ ಅರ್ಥವಲ್ಲ. ಎರಡೂ ಒಂದೇ ವಂಶದ ಕವಲುಗಳು ಎಂದಷ್ಟೇ.

ಇನ್ನೊಂದು ಸಂಗತಿ ಗಮನಿಸಿ. ಫ್ಲಾರಿಡಾದಲ್ಲಿ ಹರಡಿದ್ದು ಹೆಣ್ಣು ಗಿಡಗಳು ಮಾತ್ರ. ಗಂಡು ಗಿಡವಿಲ್ಲದೆ ಬೀಜ ಕಟ್ಟುವ ಮಾತೇ ಇಲ್ಲ. ಹಾಗಿದ್ದೂ ರಾಜ್ಯದ ತುಂಬ ಹಬ್ಬಿದ್ದು ಹೇಗೆ? ಕಾಂಡದ ತುಂಡುಗಳಿಂದ. ಒಂದು ಗೆಣ್ಣು ಉಳಿದ ತುಂಡು ಕೂಡ ಹೊಸ ಗಿಡವಾಗಬಲ್ಲದು. ಜೊತೆಗೆ ಕೆಸರಿನಲ್ಲಿ ಸಣ್ಣ ಗಡ್ಡೆಗಳನ್ನು ಬಿಡುತ್ತದೆ. ಅವು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲವು. ಮೇಲಿನ ಗಿಡವನ್ನೆಲ್ಲ ಕಿತ್ತು ಗೆದ್ದೆವು ಎಂದುಕೊಂಡರೂ ಕೆಳಗಿನಿಂದ ಮತ್ತೆ ಚಿಗುರುತ್ತದೆ.

ಹದ್ದುಗಳು ಸತ್ತದ್ದೇಕೆ?

1994ರ ಚಳಿಗಾಲದಲ್ಲಿ ಆರ್ಕನ್ಸಾದ ಡಿಗ್ರೇ ಜಲಾಶಯದ ಬಳಿ ಬೋಳು ತಲೆಯ ಹದ್ದುಗಳು, ಅಂದರೆ ಅಮೆರಿಕದ ಲಾಂಛನದಲ್ಲಿರುವ ಬಾಲ್ಡ್ ಈಗಲ್‌ಗಳು, ಸಾಯತೊಡಗಿದವು. ಆ ಒಂದು ಚಳಿಗಾಲದಲ್ಲೇ 29 ಹದ್ದುಗಳು ಸತ್ತವು. ಮಿದುಳಿನಲ್ಲಿ ಸಣ್ಣ ಸಣ್ಣ ರಂಧ್ರಗಳು. ಕಾರಣ ಪೂರ್ತಿ ಬಿಡಿಸಲು ಕಾಲು ಶತಮಾನಕ್ಕೂ ಹೆಚ್ಚು ಬೇಕಾಯಿತು. ಹೈಡ್ರಿಲಾದ ಎಲೆಗಳ ಮೇಲೆ ಒಂದು ಬಗೆಯ ಸಯನೋಬ್ಯಾಕ್ಟೀರಿಯಾ ಬೆಳೆಯುತ್ತದೆ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಅದು ನರಗಳಿಗೆ ವಿಷವಾಗುವ ವಸ್ತುವನ್ನು ತಯಾರಿಸುತ್ತದೆ. ನಮ್ಮ ನಾಮದ ಕೋಳಿಯ ಸಂಬಂಧಿಯಾದ ಕೂಟ್ ಹಕ್ಕಿಗಳು ಆ ಗಿಡವನ್ನು ತಿನ್ನುತ್ತವೆ, ಕೂಟ್‌ಗಳನ್ನು ಹದ್ದು ತಿನ್ನುತ್ತದೆ. ವಿಷವನ್ನು ಗುರುತಿಸಿದ ಸಂಶೋಧನೆ ಪ್ರಕಟವಾದದ್ದು 2021ರಲ್ಲಿ. ಆ ಸೂಕ್ಷ್ಮಜೀವಿಗೆ ವಿಜ್ಞಾನಿಗಳು ಇಟ್ಟ ಹೆಸರಿನ ಅರ್ಥವೇ ‘ಹೈಡ್ರಿಲಾದ ಮೇಲೆ ಬೆಳೆಯುವ ಹದ್ದು ಕೊಲ್ಲುವ ಜೀವಿ’.

ಗಿಡ ಎಸೆದವರಿಗೆ ಹದ್ದಿನ ಯೋಚನೆ ಬಂದಿರಲು ಸಾಧ್ಯವೇ ಇರಲಿಲ್ಲ. ಒಂದು ಜೀವಿಯನ್ನು ಅದರ ನೆಲೆಯಿಂದ ಬೇರೆಡೆಗೆ ಒಯ್ದಾಗ ಪರಿಣಾಮ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಮೊದಲೇ ಹೇಳಲಾಗದು.

ನಾವು ಕೇಳುವ ಮೂರು ಮಾತುಗಳು

“ಒಂದೆರಡು ಎಳೆ ಎಸೆದರೆ ಏನಾಗುತ್ತದೆ?” ಒಂದು ಗೆಣ್ಣಿನಿಂದ ಗಿಡ ಏಳುತ್ತದೆ ಎಂದು ಮೇಲೆ ಕಂಡೆವು. ಎರಡು ಎಳೆಯಲ್ಲಿ ಹತ್ತಾರು ಗೆಣ್ಣುಗಳಿರುತ್ತವೆ.

“ಗಿಡ ತಾನೇ, ಕೆರೆಗೆ ಆಮ್ಲಜನಕ ಕೊಡುತ್ತದೆ.” ಬೀಕರಿನ ಪ್ರಯೋಗ ಸುಳ್ಳಲ್ಲ, ಆದರೆ ಅದು ಬಿಸಿಲಿನ ಹೊತ್ತಿನದು. ರಾತ್ರಿ ಗಿಡಗಳು ಉಸಿರಾಟಕ್ಕೆ ಆಮ್ಲಜನಕ ಬಳಸುತ್ತವೆ. ದಟ್ಟವಾಗಿ ಹಬ್ಬಿ ನೀರಿನ ಮೇಲ್ಭಾಗ ಮುಚ್ಚಿದಾಗ ಕೆಳಗೆ ಬೆಳಕು ಹೋಗುವುದಿಲ್ಲ. ಸತ್ತ ಗಿಡ ಕೊಳೆಯುವಾಗ ಇನ್ನಷ್ಟು ಆಮ್ಲಜನಕ ಖರ್ಚಾಗುತ್ತದೆ. ಮೀನುಗಳಿಗೆ ಉಸಿರು ಕಟ್ಟುವುದು ಆಗಲೇ.

“ನಮ್ಮೂರಲ್ಲಿ ಈ ಗಿಡದಿಂದ ತೊಂದರೆ ಇಲ್ಲ, ಅಲ್ಲೇಕೆ?” ನಮ್ಮಲ್ಲಿ ಹೈಡ್ರಿಲಾ ಮೂಲನಿವಾಸಿ. ಅದನ್ನು ತಿನ್ನುವ ಕೀಟಗಳೂ ಇಲ್ಲಿವೆ. ಅಂತಹ ಒಂದು ಸಣ್ಣ ನೊಣವನ್ನು ಭಾರತ ಉಪಖಂಡದಿಂದ ಒಯ್ದು 1987ರಲ್ಲಿ ಫ್ಲಾರಿಡಾದಲ್ಲಿ ಬಿಟ್ಟರು. ನಮ್ಮ ಕೆರೆಗಳ ಕಥೆ ಇದರ ತಿರುವು. ದಕ್ಷಿಣ ಅಮೆರಿಕದಿಂದ ನೇರಳೆ ಹೂವಿನ ಚೆಂದಕ್ಕಾಗಿ ಬಂದ ವಾಟರ್ ಹಯಸಿಂತ್ ಇಲ್ಲಿ ಕೆರೆ ಮುಚ್ಚಿತು. 1980ರ ದಶಕದಲ್ಲಿ ಅದನ್ನು ತಿನ್ನುವ ಮೂತಿಹುಳುಗಳನ್ನು ತರಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಡಬೇಕಾಯಿತು. ಒಬ್ಬರ ಮನೆಯ ಸಾಧು ಗಿಡ ಇನ್ನೊಬ್ಬರ ಮನೆಯಲ್ಲಿ ಪುಂಡ.

ಸ್ವಯಂಸೇವಕರು ಏನು ಮಾಡಬಹುದು?

ಕಾನೂನು ಇದೆಯಲ್ಲ, ಅದೇ ನೋಡಿಕೊಳ್ಳಲಿ ಎನ್ನಬಹುದು. ಆದರೆ ಹರಾಜಿನ ಮೇಜಿನ ಬಳಿ ಯಾವ ಅಧಿಕಾರಿಯೂ ನಿಂತಿರುವುದಿಲ್ಲ. ಅಲ್ಲದೆ ಕೇಂದ್ರದ ಪಟ್ಟಿಯ ಜೊತೆ ರಾಜ್ಯಗಳಿಗೆ ತಮ್ಮದೇ ಪಟ್ಟಿಗಳಿವೆ. ಫ್ಲಾರಿಡಾದಲ್ಲಿ ನಿಷೇಧವಿರುವ ವಾಟರ್ ಹಯಸಿಂತ್, ಚಳಿಗೆ ಸಾಯುತ್ತದೆ ಎಂಬ ಕಾರಣಕ್ಕೆ ಉತ್ತರದ ಕೆಲವು ರಾಜ್ಯಗಳಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಸಮ್ಮೇಳನ ನಡೆಯುವ ಊರಿನ ಪಟ್ಟಿ ನೋಡಿದರೆ ಸಾಲದು, ಗಿಡ ಹೋಗಿ ಸೇರುವ ಊರಿನ ಪಟ್ಟಿಯೂ ಬೇಕು. ಆದ್ದರಿಂದ ನಿಷಿದ್ಧ ಗಿಡಗಳ ಪಟ್ಟಿ ನೋಂದಣಿ ಅರ್ಜಿಯ ಜೊತೆಗೇ ಸದಸ್ಯರಿಗೆ ಸಿಗಬೇಕು. ಚೀಲ ಹಿಡಿದು ಬಂದವರನ್ನು ಬಾಗಿಲಲ್ಲಿ ವಾಪಸ್ ಕಳಿಸಿದರೆ ಜಗಳ. ತಿಂಗಳ ಮೊದಲೇ ತಿಳಿಸಿದರೆ ಅದು ಬರೀ ನಿಯಮ.

ಎರಡನೆಯದು ಹೆಸರು. ಹೈಡ್ರಿಲಾವನ್ನು ಮೊದಲು ಫ್ಲಾರಿಡಾದಲ್ಲೇ ‘ಎಲೋಡಿಯಾ’ ಎಂದು ತಪ್ಪಾಗಿ ಕರೆದಿದ್ದರು. ಎಲೋಡಿಯಾದಲ್ಲಿ ಒಂದು ಗೆಣ್ಣಿನ ಸುತ್ತ ಸಾಮಾನ್ಯವಾಗಿ ಮೂರು ಎಲೆ. ಹೈಡ್ರಿಲಾದಲ್ಲಿ ಹೆಚ್ಚಾಗಿ ಐದು, ಅಂಚಿನಲ್ಲಿ ಗರಗಸದಂತಹ ಹಲ್ಲು, ಮುಟ್ಟಿದರೆ ಒರಟು. ಇದನ್ನು ಕಣ್ಣಳತೆಯಲ್ಲಿ ಗುರುತಿಸಬಲ್ಲವರು ಅನುಭವಿ ಹವ್ಯಾಸಿಗಳು. ಅಂತಹ ಇಬ್ಬರನ್ನು ಚೀಲ ಪರೀಕ್ಷಿಸುವ ಮೇಜಿಗೆ ಕೂರಿಸುವುದು ಭಾಷಣಕಾರರನ್ನು ಹುಡುಕುವಷ್ಟೇ ಮುಖ್ಯ. ವ್ಯಾಪಾರದ ಹೆಸರು ಸಾಲದು, ಚೀಟಿಯ ಮೇಲೆ ವೈಜ್ಞಾನಿಕ ಹೆಸರೂ ಇರಬೇಕು.

ಮೂರನೆಯದು ಗಿಡದ ಜೊತೆ ಬರುವ ಅತಿಥಿಗಳು. 2021ರಲ್ಲಿ ಸಿಯಾಟಲ್‌ನ ಅಂಗಡಿಯೊಂದರ ಉದ್ಯೋಗಿ, ಮಾರಿಮೊ ಎಂಬ ಹಸಿರು ಪಾಚಿ ಉಂಡೆಯಲ್ಲಿ ಸಣ್ಣ ಚಿಪ್ಪುಜೀವಿ ಇರುವುದನ್ನು ಗಮನಿಸಿ ತಿಳಿಸಿದರು. ಅದು ನೀರಿನ ಕೊಳವೆಗಳನ್ನೇ ಕಟ್ಟಿಬಿಡುವ ಜೀಬ್ರಾ ಮಸ್ಸೆಲ್. ಹುಡುಕಿದಾಗ ಹಲವು ರಾಜ್ಯಗಳ ಅಂಗಡಿಗಳಲ್ಲಿ ಅದು ಸಿಕ್ಕಿತು. ಸರ್ಕಾರಿ ಯಂತ್ರಕ್ಕೆ ಮೊದಲ ಸುಳಿವು ಕೊಟ್ಟದ್ದು ಎಚ್ಚರದಿಂದ ನೋಡಿದ ಒಬ್ಬ ವ್ಯಕ್ತಿ. ಇದಕ್ಕೆ ಒಂದು ಸುಲಭ ಪರಿಹಾರ, ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಗಿಡಗಳು. ಮುಚ್ಚಿದ ಡಬ್ಬಿಯಲ್ಲಿ ಬರುವ ಇವುಗಳಲ್ಲಿ ಬಸವನಹುಳು, ಪಾಚಿ, ಮೊಟ್ಟೆ ಇರುವುದಿಲ್ಲ.

ಕೊನೆಯದು ಕಸ. ಕಾರ್ಯಾಗಾರದಲ್ಲಿ ಕತ್ತರಿಸಿದ ತುಂಡುಗಳು, ಯಾರೂ ಕೊಳ್ಳದೆ ಉಳಿದ ಚೀಲಗಳು ಹೋಟೆಲಿನ ಹಿಂದಿನ ಚರಂಡಿಗೆ ಹೋಗಬಾರದು. ಪೂರ್ತಿ ಒಣಗಿಸಿ ಅಥವಾ ಫ್ರೀಜರಿನಲ್ಲಿಟ್ಟು, ಆಮೇಲೆ ಮುಚ್ಚಿದ ಚೀಲದಲ್ಲಿ ಕಸಕ್ಕೆ ಹಾಕಬೇಕು. ಈ ಕೆಲಸಕ್ಕೆ ಯಾರೂ ತಾವಾಗಿ ಕೈ ಎತ್ತುವುದಿಲ್ಲ. ಹಾಗಾಗಿ ಕೆಲಸದ ಪಟ್ಟಿಯಲ್ಲಿ ಒಬ್ಬರ ಹೆಸರಿನ ಮುಂದೆ ಇದನ್ನು ಮೊದಲೇ ಬರೆದಿಡಬೇಕು.

ಹವ್ಯಾಸವೇ ತಪ್ಪೇ?

ಖಂಡಿತ ಅಲ್ಲ. ನಮ್ಮ ಪಶ್ಚಿಮ ಘಟ್ಟದ ಕೆಂಪು ರೋಟಾಲಾವನ್ನು ಸಾವಿರಾರು ಮೈಲಿ ದೂರದಲ್ಲಿ ಯಾರೋ ಮುತುವರ್ಜಿಯಿಂದ ಬೆಳೆಸುತ್ತಿದ್ದಾರೆ ಎಂದರೆ ಅದು ಸಂತೋಷದ ಸಂಗತಿ. ಗಿಡ ತೊಟ್ಟಿಯಲ್ಲಿ ಇರುವವರೆಗೆ ತೊಂದರೆ ಇಲ್ಲ. ತೊಟ್ಟಿಯಿಂದ ಹೊರಹೋಗುವ ದಾರಿಗಳನ್ನು ಮುಚ್ಚುವುದಷ್ಟೇ ಕೆಲಸ. ಆ ದಾರಿಗಳು ಅಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತಿರುವುದು ಹವ್ಯಾಸಿಗಳಿಗೇ.

ನಿಮ್ಮ ಮನೆಯಲ್ಲೂ ಅಕ್ವೇರಿಯಂ ಇದ್ದರೆ ಇದೇ ನಿಯಮ ನಿಮಗೂ ಅನ್ವಯ. ಮುಂದಿನ ಸಲ ತೊಟ್ಟಿ ಶುಚಿ ಮಾಡಿದಾಗ ಕತ್ತರಿಸಿದ ಗಿಡವನ್ನು ಬಕೆಟಿನ ನೀರಿನೊಂದಿಗೆ ಮೋರಿಗೆ ಸುರಿಯಬೇಡಿ. ತಾರಸಿಯ ಬಿಸಿಲಿಗೆ ಹರಡಿ, ಗರಿಗರಿಯಾಗಿ ಒಣಗಲಿ. ಆಮೇಲೆ ಅದು ಹೂಕುಂಡಕ್ಕೆ ಒಳ್ಳೆಯ ಗೊಬ್ಬರ.