ಕಾರಿಗೆ ಪೈಪ್ ಬೇಡ, ಮೂರು ಬಕೆಟ್ ಸಾಕು

ಕಾರು ತೊಳೆಯೋದು ಗಂಡಸರ ವಿಷಯ, ನೀವ್ಯಾಕಕ್ಕಾ ಅದಕ್ಕೆಲ್ಲ ತಲೆ ಹಾಕ್ತೀರಾ ಅಂತ ನಮ್ಮ ಓರಗಿತ್ತಿ ಕೇಳಿದ್ಲು. ಕಾರಿನ ವಿಷಯಕ್ಕೆ ನಾನು ತಲೆ ಹಾಕ್ತಿಲ್ಲ, ನೀರಿನ ವಿಷಯಕ್ಕೆ ಹಾಕ್ತಿದೀನಿ. ಸಂಪಲ್ಲಿ ಎಷ್ಟು ನೀರಿದೆ ಅಂತ ಮುಚ್ಚಳ ತೆಗೆದು ಬಗ್ಗಿ ನೋಡೋರು ಯಾರು? ಟ್ಯಾಂಕರ್‌ನವನಿಗೆ ಫೋನ್ ಮಾಡಿ "ಇವತ್ತಾದ್ರೂ ಬರ್ತೀಯೇನಪ್ಪಾ" ಅಂತ ಕೇಳೋರು ಯಾರು? ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಬಚ್ಚಲಿಗೆ ಅಂತ ಲೆಕ್ಕ ಇಡೋರು ಯಾರು? ನಾವೇ ತಾನೆ. ಅದೇ ಸಂಪಿನ ನೀರನ್ನ ಪೈಪ್ ಹಾಕಿ ಕಾರಿನ ಮೇಲೆ ಬಿಡುವಾಗ ಮಾತ್ರ ನಾವು ಬಾಯಿ ಮುಚ್ಕೊಂಡಿರಬೇಕಾ? ಕಾರು ಮನೇಲೇ ತೊಳೀರಿ, ಚೆನ್ನಾಗೇ ತೊಳೀರಿ. ಪೈಪ್ ಮಾತ್ರ ಬೇಡ. ಇಷ್ಟೇ ನಾನು ಹೇಳೋದು.

2024ರ ಮಾರ್ಚ್ ತಿಂಗಳನ್ನ ವೈಟ್‌ಫೀಲ್ಡ್, ವರ್ತೂರು, ಕಾಡುಗೋಡಿ ಕಡೆಯ ಹೆಂಗಸರು ಯಾರೂ ಮರೆತಿರಲ್ಲ. ಊರಲ್ಲಿರೋ ಹದಿನಾಲ್ಕು ಸಾವಿರದಷ್ಟು ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧ ಒಣಗಿದೆ ಅಂತ ಸರ್ಕಾರದವರೇ ಹೇಳಿದ್ರು. ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳೋಕೆ ಶುರು ಮಾಡಿದ ಮೇಲೆ ಜಿಲ್ಲಾಡಳಿತ ದರ ಗೊತ್ತು ಮಾಡ್ತು. ಐದು ಕಿಲೋಮೀಟರ್ ಒಳಗಾದ್ರೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ, ಮೇಲೆ ಜಿಎಸ್‌ಟಿ. ಆ ರೇಟಿಗೆ ನಿಮ್ಮನೆಗೆ ಎಷ್ಟು ಸಲ ಬಂತು ಅಂತ ನೀವೇ ಹೇಳ್ಬೇಕು. ಅದೇ ತಿಂಗಳು ಜಲಮಂಡಳಿ ಒಂದು ಆದೇಶ ಹೊರಡಿಸ್ತು. ಕುಡಿಯೋ ನೀರಲ್ಲಿ ಗಾಡಿ ತೊಳೆಯೋ ಹಾಗಿಲ್ಲ, ಕೈತೋಟಕ್ಕೆ ಬಿಡೋ ಹಾಗಿಲ್ಲ, ಕಟ್ಟಡ ಕಟ್ಟೋಕೆ ಬಳಸೋ ಹಾಗಿಲ್ಲ, ಸಿಕ್ಕಿಬಿದ್ರೆ 5,000 ರೂಪಾಯಿ ದಂಡ ಅಂತ. ಮತ್ತೆ ಅದೇ ತಪ್ಪು ಮಾಡಿದ್ರೆ ಇನ್ನೂ 5,000, ಜೊತೆಗೆ ದಿನಕ್ಕೆ 500. ಸುಮ್ನೆ ಹೆದರಿಸ್ತಾರೆ ಅಂದ್ಕೊಂಡಿದ್ರು ಎಲ್ಲರೂ. ಕೆಲವೇ ದಿನದಲ್ಲಿ 22 ಮನೆಯವರಿಗೆ ದಂಡ ಹಾಕಿ 1 ಲಕ್ಷ 10 ಸಾವಿರ ವಸೂಲಿ ಮಾಡಿದ್ರು. ಆಮೇಲೆ ನಮ್ಮ ರಸ್ತೇಲಿ ಒಂದು ತಿಂಗಳು ಪೈಪುಗಳೆಲ್ಲ ಸುರುಳಿ ಸುತ್ಕೊಂಡು ಮೂಲೆ ಸೇರಿದ್ವು. ಮಳೆ ಬಂತು ನೋಡಿ, ಪೈಪೂ ವಾಪಸ್ ಬಂತು.

"ಈಗ ಕಾವೇರಿ ಬಂತಲ್ಲಾ ಆಂಟೀ" ಅಂತಾರೆ ಪಕ್ಕದ ಮನೆ ಹುಡುಗ. ಬಂತು, ನಿಜ. 2024ರ ಅಕ್ಟೋಬರ್ 16ಕ್ಕೆ ಐದನೇ ಹಂತ ಶುರು ಮಾಡಿದ್ರು, ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ ಅಂತ, ದಿನಕ್ಕೆ 77.5 ಕೋಟಿ ಲೀಟರ್. ಆದ್ರೆ ಅದು ಬರೋದಾದ್ರೂ ಎಲ್ಲಿಂದ? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿ ಒಂದು ಸಲ, ಹಾರೋಹಳ್ಳಿಯಲ್ಲಿ ಒಂದು ಸಲ, ತಾತಗುಣಿಯಲ್ಲಿ ಒಂದು ಸಲ ಪಂಪ್ ಮಾಡಿ, ಹತ್ತಿರ ಹತ್ತಿರ ನೂರು ಕಿಲೋಮೀಟರ್ ದಾಟಿಸಿ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಹತ್ತಿಸಿ ತರ್ತಾರೆ. ಅಷ್ಟು ಕಷ್ಟಪಟ್ಟು ಬಂದ ನೀರನ್ನ ಕಾರಿನ ಟೈರಿಗೆ ಬಿಡೋಕೆ ನನಗಂತೂ ಕೈ ಬರಲ್ಲ. ಕಾವೇರಿ ಬಂದ ಮೇಲೂ, 2025ರ ಫೆಬ್ರವರಿಯಲ್ಲಿ ಜಲಮಂಡಳಿ ಅದೇ 5,000 ರೂಪಾಯಿ ದಂಡದ ಆದೇಶಾನ ಮತ್ತೆ ಹೊರಡಿಸ್ತು. ನೀರು ಸಾಕಷ್ಟಿದೆ ಅಂತ ಅವರಿಗೇ ನಂಬಿಕೆ ಇಲ್ಲ ಅಂದ್ಮೇಲೆ ನಮಗೆಲ್ಲಿಂದ ಬರ್ಬೇಕು.

ಇನ್ನೊಂದು ವಾದ ಇದೆ. "ನಮ್ಮದು ಬೋರ್‌ವೆಲ್ ನೀರು, ನಮ್ಮ ಸೈಟು, ನಮ್ಮ ಕರೆಂಟು." ಸೈಟು ನಿಮ್ಮದೇ ಇರಬಹುದು, ಸಾವಿರ ಅಡಿ ಕೆಳಗಿರೋ ನೀರಿಗೂ ಕಾಂಪೌಂಡ್ ಹಾಕಿದೀರಾ? ನೀವು ಎಳೆದಷ್ಟೂ ಪಕ್ಕದವರ ಬೋರು ಗಾಳಿ ಕಕ್ಕುತ್ತೆ. ಇದನ್ನ ಯಾರ ಮುಖಕ್ಕೆ ಹೇಳಿದ್ರೂ ಬೇಜಾರು ಮಾಡ್ಕೋತಾರೆ, ಅದಕ್ಕೇ ಇಲ್ಲಿ ಬರೀತಿದೀನಿ.

ಲೆಕ್ಕ ಮಾಡಿ ನೋಡೋಣ. ನಮ್ಮನೆ ಪೈಪಲ್ಲಿ 15 ಲೀಟರ್ ಬಕೆಟ್ ಒಂದು ನಿಮಿಷಕ್ಕೆ ತುಂಬುತ್ತೆ, ಗಡಿಯಾರ ಇಟ್ಟು ನೋಡಿದೀನಿ. ಪೈಪಲ್ಲಿ ಕಾರು ತೊಳೆಯೋರು ಹನ್ನೆರಡು ನಿಮಿಷಕ್ಕೆ ಕಡಿಮೆ ನೀರು ಬಿಡಲ್ಲ. ಶಾಂಪೂ ಹಚ್ಚುವಾಗಲೂ ಪೈಪು ನೆಲದಲ್ಲಿ ಬಿದ್ದು ತನ್ನ ಪಾಡಿಗೆ ಹರೀತಾ ಇರುತ್ತೆ. 180 ಲೀಟರ್ ಹೋಯ್ತು. ಒಂದು ರಸ್ತೇಲಿ ಮೂವತ್ತು ಕಾರಿದ್ರೆ, ವಾರಕ್ಕೆ ಒಂದೇ ಸಲ ಅಂದ್ರೂ 5,400 ಲೀಟರ್. ಬೇಸಿಗೇಲಿ ಒಂದು ಸಣ್ಣ ಟ್ಯಾಂಕರ್‌ಗೆ ನಾವು ಎರಡು ದಿನ ಕಾದಿದ್ದು ನೆನಪಿದೆಯಲ್ಲಾ, ಆ ಟ್ಯಾಂಕರ್ ಪೂರ್ತಿ ಮೋರಿಗೆ. ಬಕೆಟಲ್ಲಿ ತೊಳೆದ್ರೆ ಒಂದು ಕಾರಿಗೆ 40 ಲೀಟರ್ ದಾಟಲ್ಲ.

ಮೋರಿ ಅಂದೆನಲ್ಲ, ಅದರ ಕಥೆ ವರ್ತೂರು ಕೋಡೀಲಿ ಓಡಾಡಿದೋರಿಗೆ ಚೆನ್ನಾಗಿ ಗೊತ್ತು. ಕೆರೆ ನೊರೆ ಉಕ್ಕಿ ರಸ್ತೆಗೆ ಬಂದು, ಸ್ಕೂಟರ್‌ನವರ ಮುಖಕ್ಕೆ ಹಾರ್ತಾ ಇತ್ತು. ಅದು ಬರೀ ಕಾರು ತೊಳೆದ ನೊರೆ ಅಂತ ನಾನು ಹೇಳಲ್ಲ. ಊರಿನ ಒಳಚರಂಡಿ ನೀರು, ನಮ್ಮೆಲ್ಲರ ಬಟ್ಟೆ ಸೋಪು, ಪಾತ್ರೆ ಸೋಪು ಎಲ್ಲ ಸೇರಿದ್ದು. ಬಚ್ಚಲ ನೀರಾದ್ರೂ ಕೆಲವು ಕಡೆ ಶುದ್ಧೀಕರಣ ಘಟಕಕ್ಕೆ ಹೋಗುತ್ತೆ. ಗೇಟಿನ ಮುಂದೆ ತೊಳೆದ ಕಾರಿನ ನೊರೆ ಮಳೆನೀರಿನ ಮೋರಿ ಹಿಡಿದು ನೆಟ್ಟಗೆ ಕೆರೆಗೇ ಇಳಿಯುತ್ತೆ.

ಸರಿ, ಹಾಗಾದ್ರೆ ಹೇಗೆ ತೊಳೀಬೇಕು ಅಂತೀರಾ? ನಮ್ಮನೆ ಪದ್ಧತಿ ಹೇಳ್ತೀನಿ. ವಾರಕ್ಕೊಂದು ಸಲ, ನೆರಳಲ್ಲಿ, ಬಾನೆಟ್ ತಣ್ಣಗಿರುವಾಗ. ಬಿಸಿಲಲ್ಲಿ ತೊಳೆದ್ರೆ ಒರೆಸೋ ಮುಂಚೇನೇ ಶಾಂಪೂ ಒಣಗಿ ಕಲೆ ನಿಲ್ಲುತ್ತೆ. ಮೊದಲು ಧೂಳು ನೆನೀಬೇಕು. ಇದಕ್ಕೆ ನಾನು ಗುಲಾಬಿ ಗಿಡಕ್ಕೆ ನೀರು ಹೊಡೆಯೋ ಎರಡು ಲೀಟರ್ ಕೈಪಂಪು ಇಟ್ಕೊಂಡಿದೀನಿ. ಔಷಧಿ ಹೊಡೆಯೋ ಪಂಪು ಬೇರೆ, ಅದನ್ನ ಇದಕ್ಕೆ ತರ್ಬೇಡಿ. ಒಂದು ಬಕೆಟಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ಬಟ್ಟೇಲಿ ಒಂದು ಬಾಗಿಲು ಒರೆಸಿದ ಮೇಲೆ ಬರೀ ನೀರಿನ ಬಕೆಟಲ್ಲಿ ಜಾಲಿಸಿ ಹಿಂಡಿ, ಆಮೇಲೇ ಮತ್ತೆ ಶಾಂಪೂಗೆ ಅದ್ದಬೇಕು. ಎರಡನೇ ಬಕೆಟ್ ತಳದಲ್ಲಿ ಕೂರೋ ಮಣ್ಣು ನೋಡಿ, ಅಷ್ಟೂ ಪೇಂಟಿನ ಮೇಲೆ ಉಜ್ಜೋಕೆ ಇದ್ದಿದ್ದು. ಮೂರನೇ ಬಕೆಟ್ ಕಡೇಲಿ ಮಗ್ಗಿಂದ ಮೇಲಿಂದ ಕೆಳಕ್ಕೆ ಸುರಿಯೋಕೆ. ಟೈರು, ಗಾಲಿ ಕಟ್ಟಕಡೆಗೆ, ಅದಕ್ಕೆ ಬೇರೆ ಬಟ್ಟೆ. ನೆಲ ಒರೆಸೋ ಬಟ್ಟೇಲಿ ದೇವರಮನೆ ಕಟ್ಟೆ ಒರೆಸ್ತೀವಾ? ಇದೂ ಹಾಗೇ.

ಪಾತ್ರೆ ತೊಳೆಯೋ ಲಿಕ್ವಿಡ್, ಬಟ್ಟೆ ಪುಡಿ ಖಂಡಿತ ಬೇಡ. ಅವು ಜಿಡ್ಡು ತೆಗೆಯೋಕೆ ಅಂತಲೇ ಇರೋದು, ಕಾರಿನ ಮೇಲಿರೋ ವ್ಯಾಕ್ಸ್ ಕೂಡ ಅವುಗಳಿಗೆ ಜಿಡ್ಡೇ.

ಆರ್‌ಓ ಮೆಷಿನ್ ಹೊರಗೆ ಬಿಡೋ ನೀರನ್ನ ನಾನು ಡ್ರಮ್ಮಲ್ಲಿ ಹಿಡಿದಿಡ್ತೀನಿ. ಅದು ಧೂಳು ನೆನೆಸೋಕೆ, ಗಾಲಿಗೆ, ಕಾಲ್ಕೆಳಗಿನ ಮ್ಯಾಟ್‌ಗೆ ಸರಿ. ಕೊನೇ ನೀರಿಗೆ ಬೇಡ, ಅದರಲ್ಲಿ ಬೋರ್‌ವೆಲ್ ನೀರಿಗಿಂತ ಜಾಸ್ತಿ ಉಪ್ಪಿರುತ್ತೆ, ಒಣಗಿದ ಮೇಲೆ ಬಿಳಿ ಚುಕ್ಕೆ ಚುಕ್ಕೆ ಕೂತ್ಕೊಳ್ಳುತ್ತೆ. ನಮ್ಮ ಬೋರ್‌ವೆಲ್ ನೀರೇ ಗಡಸು. ಬಚ್ಚಲ ನಲ್ಲಿಗೆ ಕಟ್ಟೋ ಬಿಳಿ ಪೊರೆ ಕಾರಿನ ಗಾಜಿಗೂ ಕಟ್ಟುತ್ತೆ. ಅದಕ್ಕೇ ನೀರು ತಾನಾಗಿ ಆರೋಕೆ ಬಿಡದೆ ಒಣಗಿದ ಮೈಕ್ರೋಫೈಬರ್ ಬಟ್ಟೇಲಿ ತಕ್ಷಣ ಒರೆಸ್ಬೇಕು. ಗಾಜಿಗೆ ಎಸಿಯಿಂದ ತೊಟ್ಟಿಕ್ಕೋ ನೀರು ಹಿಡಿದಿಟ್ರೆ ಬಲು ಚೆನ್ನ, ಅದರಲ್ಲಿ ಉಪ್ಪಿರಲ್ಲ.

ದಿನಾ ಬೆಳಗಿನ ಜಾವ ಬರೋ ಹುಡುಗನ ವಿಷಯ ಬಿಡೋ ಹಾಗಿಲ್ಲ. ತಿಂಗಳಿಗೆ ಐನೂರು ಆರುನೂರು ಕೊಟ್ಟು ದಿನಾ ಒರೆಸಿಸ್ತೀವಿ. ಒಂದೇ ಬಕೆಟು, ಒಂದೇ ಬಟ್ಟೆ, ಹತ್ತು ಕಾರು. ಒಂಬತ್ತನೇ ಕಾರಿಗೆ ಬರೋ ಹೊತ್ತಿಗೆ ನೀರು ಕೆಸರಾಗಿರುತ್ತೆ. ಬಿಸಿಲಲ್ಲಿ ಬಾನೆಟ್ ಓರೆಯಾಗಿ ನೋಡಿದ್ರೆ ಜೇಡರ ಬಲೆ ಥರ ಗೆರೆ ಕಾಣುತ್ತಲ್ಲ, ಅದು ಈ ಒರೆಸೋದರಿಂದ. ನಮ್ಮ ಕಡೆ ಮೆಟ್ರೋ ಕೆಲಸದ ಧೂಳು, ಬಿಲ್ಡಿಂಗ್ ಧೂಳು ಎಲ್ಲ ಮರಳು ಮರಳು, ಒಣಬಟ್ಟೇಲಿ ಒರೆಸಿದ್ರೆ ಉಪ್ಪುಕಾಗದ ಉಜ್ಜಿದ ಹಾಗೇನೇ. ಕೇಳಿದ್ದಕ್ಕೆ ಆ ಹುಡುಗ, ರಾಯಚೂರು ಕಡೆಯವನು, "ನೀರ ಯಾರ್ ಕೊಡ್ತಾರ್ರಿ ಅವ್ವಾ, ಒಂದ್ ಬಕೆಟ್ ಕೇಳಿದ್ರ ಬೈತಾರ" ಅಂದ. ಅವನದೇನು ತಪ್ಪು? ಪೈಪಲ್ಲಿ 180 ಲೀಟರ್ ಬಿಡೋರು ಅವನಿಗೆ ಒಂದು ಬಕೆಟ್ ಕೊಡಲ್ಲ. ಈಗ ನಮ್ಮನೇಲಿ ಅವನಿಗೆ ವಾರಕ್ಕೆರಡೇ ದಿನ ಕೆಲಸ, ಸಂಬಳ ಮೊದಲಿನಷ್ಟೇ, ನೀರು ಬಟ್ಟೆ ನಮ್ಮದು. ಸಂಬಳ ಕಡಿಮೆ ಮಾಡಿ ದಿನ ಕಡಿಮೆ ಮಾಡೋದು ನನಗೆ ಸರಿ ಕಾಣಲ್ಲ, ಅವನಿಗೂ ಮನೆ ಬಾಡಿಗೆ ಇದೆ.

ಡೀಟೇಲಿಂಗ್ ಅಂಗಡಿಗಳೂ ಈಗ ಗಲ್ಲಿಗೊಂದು. ಸೆರಾಮಿಕ್ ಕೋಟಿಂಗ್ ಮಾಡಿಸಿದ್ರೆ ಕಾರು ತೊಳೆಯೋದೇ ಬೇಡ ಅಂತ ನನ್ನ ಮಗನಿಗೆ ಯಾರೋ ಹೇಳಿದ್ರಂತೆ. ತೊಳೆಯೋದು ಸುಲಭ ಆಗುತ್ತೆ ನಿಜ, ತೊಳೆಯೋದು ತಪ್ಪಲ್ಲ. ಗಡಸು ನೀರಿನ ಚುಕ್ಕೆ ಅದರ ಮೇಲೂ ಕೂರುತ್ತೆ. ಒಳಗಿನ ಡೀಟೇಲಿಂಗ್ ಅಂತೂ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಬ್ಬಕ್ಕೆ ದೀಪದ ಕಂಬದ ಸಂದಿಯೆಲ್ಲ ಉಜ್ಜೋರಿಗೆ ಎಸಿ ಕಿಂಡಿ ಯಾವ ಲೆಕ್ಕ. ಹಳೇ ಟೂತ್‌ಬ್ರಶ್ ಸಾಕು. ಮೊಮ್ಮಕ್ಕಳು ಸೀಟಿನ ಸಂದೀಲಿ ಉದುರಿಸಿದ ಬಿಸ್ಕತ್ತು ಪುಡಿಗೆ ವ್ಯಾಕ್ಯೂಮ್. ಮಳೆಗಾಲದಲ್ಲಿ ಒದ್ದೆ ಮ್ಯಾಟ್ ಹೊರಗೆ ತೆಗೆದು ಒಣಗಿಸ್ದೆ ಬಿಟ್ರೆ ಬೂಷ್ಟು ವಾಸನೆ, ಯಾವ ಸೆಂಟು ಹಾಕಿದ್ರೂ ಹೋಗಲ್ಲ.

ಆಯುಧಪೂಜೆ ದಿನದ್ದು ಒಂದು ಮಾತು. ಅರಿಶಿನ ಕುಂಕುಮಾನ ಬಾನೆಟ್ ಪೇಂಟಿನ ಮೇಲೆ ಕಲಸಿ ಹಚ್ತಾರೆ, ಬಿಳಿ ಕಾರಿಗೆ ಆ ಕೆಂಪು ಕಲೆ ದೀಪಾವಳಿ ಆದ್ರೂ ಹೋಗಲ್ಲ, ಆಮೇಲೆ ಅದನ್ನ ತೆಗೆಯೋಕೆ ಅಂತ ಮತ್ತೆ ಪೈಪು, ಮತ್ತೆ ಉಜ್ಜೋದು. ನಾನು ಮುಂದಿನ ಗಾಜಿನ ಮೇಲೆ, ನಂಬರ್ ಪ್ಲೇಟ್ ಮೇಲೆ ಇಡಿಸ್ತೀನಿ. ಒದ್ದೆ ಬಟ್ಟೇಲಿ ಒಂದೇ ಸಲ ಒರೆಸಿದ್ರೆ ಹೋಯ್ತು. ಬೂದುಗುಂಬಳದ ಚೂರನ್ನ ಮಾತ್ರ ಅವತ್ತೇ ಸಂಜೆ ಬಳಿದು ತೆಗೀರಿ, ಬೈಕಿನವರು ಜಾರ್ತಾರೆ.