ಹಾಡಿದವನಿಗೆ ಪ್ರತಿಮೆಯಾಯಿತು, ದುಡಿಯುವವನಿಗೆ?

ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ನಾವು ವರ್ಷ ವರ್ಷವೂ ಒಂದು ಸಂಗತಿಯನ್ನು ಕಾಣುತ್ತಿದ್ದೆವು. ಸುಗ್ಗಿ ಮುಗಿದು ಬಾವಿಯ ನೀರು ತಳ ಕಂಡಿತೆಂದರೆ, ಹಾಜರಿ ಕೂಗುವಾಗ ಒಂದೊಂದೇ ಹೆಸರಿಗೆ ಉತ್ತರ ಬರುವುದು ನಿಲ್ಲುತ್ತಿತ್ತು. "ಎಲ್ಲಿ ಹೋದನೋ?" ಎಂದರೆ ಉಳಿದ ಹುಡುಗರು "ಗುಳೇ ಹೋಗ್ಯಾರ್ರೀ ಸರ" ಎನ್ನುತ್ತಿದ್ದರು. ನಾವು ಗೈರುಹಾಜರಿ ಬರೆದು ಸುಮ್ಮನಾಗುತ್ತಿದ್ದೆವು. ಊರು ಬಿಟ್ಟ ಆ ಹುಡುಗ ಏನು ಕಂಡ, ಯಾವ ಕನಸು ಕಟ್ಟಿದ ಎಂದು ಕೇಳುವ ವ್ಯವಧಾನ ನಮಗಿರಲಿಲ್ಲ. ಅಂಥ ಹುಡುಗನೊಬ್ಬ ತಾನೇ ಬಾಯಿ ಬಿಟ್ಟು ಹೇಳಿದರೆ ಹೇಗಿರುತ್ತದೆಂಬುದನ್ನು ನಮ್ಮ ನೆರೆಯ ಮಹಾರಾಷ್ಟ್ರದ ಅಣ್ಣಾಭಾವು ಸಾಠೆಯವರು ತೋರಿಸಿಕೊಟ್ಟಿದ್ದಾರೆ.

ಸಾಠೆಯವರು ಹುಟ್ಟಿದ್ದು 1920ರ ಆಗಸ್ಟ್ 1ರಂದು, ಸಾಂಗಲಿ ಸೀಮೆಯ ವಾಟೇಗಾಂವದಲ್ಲಿ, ಅಸ್ಪೃಶ್ಯರೆನಿಸಿದ ಮಾಂಗ ಜಾತಿಯಲ್ಲಿ. ಶಾಲೆಯಲ್ಲಿ ಕುಳಿತದ್ದು ಒಂದೂವರೆ ದಿನ ಮಾತ್ರವೆಂದು ಹೇಳುತ್ತಾರೆ. ಮಾಸ್ತರರಾಗಿದ್ದ ನಮಗೆ ಈ ಮಾತು ಚುಚ್ಚದೆ ಇರದು. 1930ರ ದಶಕದ ಆರಂಭದಲ್ಲಿ ಅವರ ಕುಟುಂಬ ಹೊಟ್ಟೆಯ ಪಾಡಿಗಾಗಿ ಮುಂಬಯಿಗೆ ಕಾಲ್ನಡಿಗೆಯಲ್ಲಿ ಹೊರಟಿತು. ಅಲ್ಲಿ ಅವರು ಮೂಟೆ ಹೊತ್ತರು, ಗಿರಣಿಯಲ್ಲಿ ದುಡಿದರು, ಅಕ್ಷರವನ್ನು ತಾವೇ ಕಲಿತರು. 1940ರ ದಶಕದಲ್ಲಿ ಅಮರ್ ಶೇಖ್ ಮತ್ತು ಗವಾಣಕರರೊಡನೆ ಕೂಡಿ 'ಲಾಲ್ ಬಾವಟಾ ಕಲಾಪಥಕ'ವೆಂಬ ಮೇಳವನ್ನು ಕಟ್ಟಿದರು. ಗಿರಣಿ ಕಾಮಗಾರರ ಚಾಳುಗಳ ಮುಂದೆಯೇ ಅವರ ರಂಗಮಂಚ.

ಅವರ ಮುಂಬಯಿ ಲಾವಣಿಯಲ್ಲಿ ಒಂದೇ ಊರಿನ ಎರಡು ಮುಖಗಳಿವೆ: ಮಲಬಾರ್ ಗುಡ್ಡದ ಮೇಲೆ ಕುಬೇರರ ಬಡಾವಣೆ, ಪರೇಲಿನಲ್ಲಿ ಹಗಲಿರುಳು ಬೆವರು ಸುರಿಸುವ ಜನ. ಇನ್ನೊಂದು ಹಾಡಿನಲ್ಲಿ ಹೆಂಡತಿಯನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಕೂಲಿಯ ಸಂಕಟವಿದೆ.

"ಹಾಡಿನಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ಕೆಲವು ಮಿತ್ರರು ಕೇಳಬಹುದು. ತುಂಬುವುದಿಲ್ಲ, ನಿಜ. ಆದರೆ ತನ್ನ ಬಡತನ ತನ್ನೊಬ್ಬನ ಹಣೆಬರಹವೆಂದು ನಂಬಿ ಚಾಳಿನ ಮೂಲೆಯಲ್ಲಿ ಕುಳಿತವನು, ಅದೇ ದುಃಖಕ್ಕೆ ಸಾವಿರ ಜನ ದನಿಗೂಡಿಸುವುದನ್ನು ಕೇಳಿದಾಗ, ಇದು ಹಣೆಬರಹವಲ್ಲ, ಯಾರೋ ಬರೆದ ಲೆಕ್ಕ ಎಂಬುದನ್ನು ತಿಳಿಯುತ್ತಾನೆ. ಸಂಘಟನೆಯ ಮೊದಲ ಮೆಟ್ಟಿಲು ಅದೇ. ಭೂಮಿ ನಿಂತಿರುವುದು ಶೇಷನ ಹೆಡೆಯ ಮೇಲಲ್ಲ, ದಲಿತರ ಮತ್ತು ದುಡಿಯುವವರ ಅಂಗೈಯ ಮೇಲೆ ಎಂದು ಸಾಠೆಯವರು 1958ರಲ್ಲಿ ಮುಂಬಯಿಯ ದಲಿತ ಸಾಹಿತ್ಯ ಸಮ್ಮೇಳನದಲ್ಲಿ ಸಾರಿದರು. ಆ ಭೂಮಿಯ ಒಡೆತನವೂ ಅದೇ ಅಂಗೈಗೆ ಸೇರಬೇಕೆಂಬುದೇ ಅವರ ಕನಸು.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸಲ್ಲದು. ಹೆಂಡತಿಯನ್ನಗಲಿದ ಕೂಲಿಯ ಆ ಹಾಡು ಕೊನೆಗೆ ಸಂಯುಕ್ತ ಮಹಾರಾಷ್ಟ್ರದ ಹಾಡಾಗುತ್ತದೆ. ಬೆಳಗಾವಿ, ಕಾರವಾರ, ನಿಪ್ಪಾಣಿಗಳನ್ನು ಬಿಟ್ಟುಹೋದ ಸತಿಯಂತೆ ಕರೆಯುತ್ತದೆ. ಇದನ್ನು ನಾವು ಒಪ್ಪುವುದಿಲ್ಲ, ಆ ಊರುಗಳು ನಮ್ಮ ನಾಡಿನವು. ಆದರೆ ಗಡಿಯ ತಕರಾರು ಬೇರೆ, ಹೊಟ್ಟೆಯ ತಕರಾರು ಬೇರೆ. ಮುಂಬಯಿಗೆ ಗುಳೇ ಹೋದ ನಮ್ಮ ಕನ್ನಡದ ಕೂಲಿಯೂ ಹೆಂಡತಿಯನ್ನು ಊರಲ್ಲಿಯೇ ಬಿಟ್ಟು ಹೋದವನು. ಆ ಅಗಲಿಕೆಗೆ ಮರಾಠಿ ಯಾವುದು, ಕನ್ನಡ ಯಾವುದು?

ಸಾಠೆಯವರು 1969ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. 2002ರಲ್ಲಿ ಸರಕಾರ ಅವರ ಅಂಚೆಚೀಟಿ ಹೊರಡಿಸಿತು. 2022ರಲ್ಲಿ ಮಾಸ್ಕೋದಲ್ಲಿ ಪ್ರತಿಮೆ ನಿಂತಿತು. ಸಂತೋಷವೇ. ಆದರೆ ಅವರು ಯಾರಿಗಾಗಿ ಹಾಡಿದರೋ ಅವರ ಗತಿಯೇನಾಯಿತು? 1982ರ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾಮಗಾರರು ಹೊರಗೆ ಬಂದರು; ಬಹುಮಂದಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲಿಲ್ಲ. ಪರೇಲಿನ ಫೀನಿಕ್ಸ್ ಗಿರಣಿಯ ಜಾಗದಲ್ಲಿ ಇಂದು ಸಿರಿವಂತರ ಮಾಲ್ ಇದೆ. ಹಾಡಿದವನಿಗೆ ಹಾರ ಹಾಕಿ ಹಾಡನ್ನು ಮರೆಯುವ ವಿದ್ಯೆಯಲ್ಲಿ ಆಳುವವರು ಬಲು ಜಾಣರು.

ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿಯೇ ಕಾನೂನು ಬಂದಿತ್ತು. ಕಾನೂನಿದ್ದೂ 2020ರ ಲಾಕ್‌ಡೌನಿನಲ್ಲಿ ಲಕ್ಷಾಂತರ ದುಡಿಯುವ ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿ ಹಿಡಿದು ಊರಿಗೆ ನಡೆದರು. ಅಂದು ಹಸಿವು ಹಳ್ಳಿಯಿಂದ ಪಟ್ಟಣಕ್ಕೆ ನಡೆಸಿತು, ಇಂದು ಪಟ್ಟಣದಿಂದ ಹಳ್ಳಿಗೆ ನಡೆಸಿತು. ತೊಂಬತ್ತು ವರ್ಷಗಳಲ್ಲಿ ಬದಲಾದದ್ದು ದಿಕ್ಕೊಂದೇ!

ಈಗ ನಮ್ಮೂರಿನ ಮಾತಿಗೆ ಬರೋಣ. ಬಿಹಾರ, ಒರಿಸ್ಸಾಗಳಿಂದ ಬಂದ ಹುಡುಗರು ಇಲ್ಲಿ ಕಟ್ಟಡ ಕಟ್ಟುತ್ತಿದ್ದಾರೆ. ಅವರನ್ನು ಕಂಡು ನಮ್ಮವರೇ ಕೆಲವರು "ಹೊರಗಿನವರು ಬಂದು ಕೂಲಿ ಇಳಿಸಿದರು" ಎಂದು ಗೊಣಗುತ್ತಾರೆ. ಕೂಲಿ ಇಳಿಸಿದವನು ಕೂಲಿಯಾಳಲ್ಲ, ಗುತ್ತಿಗೆದಾರ. ಈ ಸರಳ ಲೆಕ್ಕ ತಿಳಿಯದಿದ್ದರೆ ಬಡವ ಬಡವನ ಮೇಲೆ ಬೀಳುತ್ತಾನೆ, ಲಾಭ ಮೂರನೆಯವನ ಪೆಟ್ಟಿಗೆ ಸೇರುತ್ತದೆ.

ಆದುದರಿಂದ ಕಾಮಗಾರ ಬಂಧುಗಳೇ, ನಿಮ್ಮ ಯೂನಿಯನ್ನಿನ ಬಾಗಿಲನ್ನು ಅವರಿಗೂ ತೆರೆಯಿರಿ. ಅಂಗಡಿಕಾರ ಬಂಧುಗಳೇ, ಊರವನಿಗೊಂದು ದರ, ಪರವೂರವನಿಗೊಂದು ದರ ಬೇಡ. ಅವನ ಕೂಲಿ ಏರಿದರೆ ನಿಮ್ಮ ಗಲ್ಲೆಯೂ ತುಂಬುತ್ತದೆ. ಮುಂದಿನ ಮೇ ದಿನದ ಸಭೆಯಲ್ಲಿ ಭಾಷಣಗಳನ್ನು ಕೊಂಚ ಮೊಟಕುಗೊಳಿಸಿ, ಆ ಹುಡುಗರನ್ನು ವೇದಿಕೆಗೆ ಕರೆದು ಅವರ ಭಾಷೆಯಲ್ಲಿಯೇ ಒಂದು ಹಾಡು ಹಾಡಿಸೋಣ. ಪದಗಳು ತಿಳಿಯದಿದ್ದರೂ ಅದರ ಅರ್ಥ ನಮಗೆ ತಿಳಿಯದೆ ಹೋಗದು. ಹಾಜರಿ ಪಟ್ಟಿಯಲ್ಲಿ ಅಂದು ನಾವು ಬರೆದ ಗೈರುಹಾಜರಿಯನ್ನು ಹಾಗಾದರೂ ಅಳಿಸಿಕೊಳ್ಳೋಣ.