ಮಕ್ಕಳ ಪುಸ್ತಕದ ಕೀಲಿಕೈ ಯಾರ ಕೈಯಲ್ಲಿ?

ವಿಧಾನಸಭೆಯ ಚುನಾವಣೆ ಬಂತೆಂದರೆ ನಮ್ಮ ಊರಿಗೆ ಮೂರು ವಾರ ನಿದ್ದೆಯಿಲ್ಲ. ಮಿಲ್ಲಿನ ಗೇಟಿನ ಮುಂದೆ ಭಾಷಣ, ಪೇಟೆಯ ಬೀದಿಯಲ್ಲಿ ಮೆರವಣಿಗೆ, ಚಹದಂಗಡಿಯಲ್ಲಿ ಜಾತಿವಾರು ಲೆಕ್ಕಾಚಾರ. ಯಾರು ಗೆದ್ದರೆ ಯಾರಿಗೆ ಮಂತ್ರಿಗಿರಿ ಎಂಬುದು ರಾತ್ರಿ ಪಾಳಿಯ ಬದಲಿ ಕೆಲಸಗಾರನಿಗೂ ಬಾಯಿಪಾಠ. ಆದರೆ ಅದೇ ಕೆಲಸಗಾರನ ಮಗ ಶಾಲೆಯಲ್ಲಿ ಓದುವ ಪುಸ್ತಕದಲ್ಲಿ ಯಾವ ಪಾಠ ಇರಬೇಕು, ಯಾವುದನ್ನು ಕಿತ್ತುಹಾಕಬೇಕು ಎಂದು ತೀರ್ಮಾನಿಸುವವರು ಯಾರು? ಹೀಗೆ ಕೇಳಿದರೆ ನಾವೆಲ್ಲರೂ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ.

ಜನರು ಗಮನಿಸದೆ ಬಿಟ್ಟ ಅಧಿಕಾರವನ್ನು ಗಮನಿಸಿದವರು ಹಿಡಿದುಕೊಳ್ಳುತ್ತಾರೆ. ಇದಕ್ಕೆ ಅಮೆರಿಕದ ಒಂದು ಸಣ್ಣ ಊರಿನಲ್ಲಿ 2004 ಮತ್ತು 2005ರಲ್ಲಿ ನಡೆದ ಸಂಗತಿಗಿಂತ ಒಳ್ಳೆಯ ದೃಷ್ಟಾಂತ ನಮಗೆ ಕಾಣದು. ಆದ್ದರಿಂದ ಅದನ್ನು ಓದುಗರ ಮುಂದಿಡುತ್ತೇವೆ.

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ದೂರದ ರಾಜಧಾನಿಯ ಸಚಿವಾಲಯವಲ್ಲ. ಪ್ರದೇಶಕ್ಕೊಂದು ಶಾಲಾ ಮಂಡಳಿ. ಬಹುತೇಕ ಕಡೆ ಅದನ್ನು ಅಲ್ಲಿನ ಮತದಾರರೇ ಆರಿಸುತ್ತಾರೆ. ಉಪಾಧ್ಯಾಯರ ನೇಮಕ, ಖರ್ಚುವೆಚ್ಚ, ಪುಸ್ತಕಗಳ ಆಯ್ಕೆ ಎಲ್ಲಕ್ಕೂ ಮಂಡಳಿಯ ಒಪ್ಪಿಗೆ ಬೇಕು. ಪೆನ್ಸಿಲ್ವೇನಿಯ ರಾಜ್ಯದಲ್ಲಂತೂ ಶಾಲೆಗಾಗಿ ಮನೆಗಂದಾಯ ಹಾಕುವ ಅಧಿಕಾರವೂ ಅದಕ್ಕಿದೆ, ಸದಸ್ಯರಿಗೆ ಸಂಬಳವಿಲ್ಲ. ಜನರ ಶಾಲೆಗೆ ಜನರ ಮಂಡಳಿ! ಸಮಾಜವಾದಿಗಳಾದ ನಾವು ಬೇಡವೆನ್ನುವ ಏರ್ಪಾಡಲ್ಲ ಇದು. ಆದರೆ ಈ ಸಣ್ಣ ಚುನಾವಣೆಗಳಿಗೆ ಮತ ಹಾಕಲು ಬರುವವರು ಅಲ್ಲಿಯೂ ಕೆಲವೇ ಮಂದಿ. ಬಾರದವನು ಯಾರಿಗೂ ಮತ ಕೊಡಲಿಲ್ಲವೆಂದು ತಿಳಿಯಬೇಡಿ. ಬಂದವನ ಮತದ ತೂಕವನ್ನು ಅವನು ಹೆಚ್ಚಿಸಿರುತ್ತಾನೆ.

ಪೆನ್ಸಿಲ್ವೇನಿಯದ ಯಾರ್ಕ್ ಜಿಲ್ಲೆಯ ಡೋವರ್ ಶಾಲಾ ಮಂಡಳಿಯಲ್ಲಿ 9 ಮಂದಿ ಸದಸ್ಯರು. ಅದರ ಪ್ರೌಢಶಾಲೆಯಲ್ಲಿ ಸುಮಾರು 1,000 ಮಕ್ಕಳು. ಮಂಡಳಿಯಲ್ಲಿ ಬಲವಾಗಿದ್ದ ಕೆಲವರಿಗೆ ಜೀವಶಾಸ್ತ್ರದ ಪುಸ್ತಕದಲ್ಲಿದ್ದ ಡಾರ್ವಿನ್ನನ ವಿಕಾಸವಾದ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಜೀವಿಗಳೆಲ್ಲ ಒಂದೇ ಮೂಲದಿಂದ ಕೋಟ್ಯಂತರ ವರ್ಷಗಳಲ್ಲಿ ಬದಲಾಗುತ್ತ ಬಂದವು, ಮನುಷ್ಯನೂ ಹಾಗೆಯೇ ಬಂದವನು ಎಂಬುದು ಅವರ ಧರ್ಮಗ್ರಂಥದ ಅಕ್ಷರಾರ್ಥಕ್ಕೆ ಒಗ್ಗುವುದಿಲ್ಲ.

ಇಲ್ಲಿ ನಮ್ಮ ಹಳೆಯ ಉದ್ಯೋಗದ ಒಂದು ನೆನಪು. ನಾವು ಪಾಠ ಹೇಳುತ್ತಿದ್ದಾಗ ಸ್ಪಿನ್ನಿಂಗ್ ಖಾತೆಯ ಕಾರ್ಮಿಕನೊಬ್ಬನ ಮಗ ಎದ್ದು ನಿಂತು, "ಸಾರ್, ಮಂಗನಿಂದ ಮನುಷ್ಯ ಆದ ಅಂತೀರಿ, ಹಾಗಾದ್ರೆ ಇನ್ನೂ ಮಂಗ ಯಾಕೆ ಐತ್ರಿ?" ಎಂದು ಕೇಳಿದ. ತರಗತಿ ನಕ್ಕಿತು. ನಾವು ನಗಲಿಲ್ಲ. ಮಂಗ ನಮ್ಮ ಅಜ್ಜನಲ್ಲ ಕಣಪ್ಪ, ದಾಯಾದಿ. ಒಂದೇ ಮನೆತನದಿಂದ ಯಾವಾಗಲೋ ಪಾಲಾಗಿ ಹೋದವರು ಎಂದೆವು. ಹುಡುಗನಿಗೆ ಅರ್ಥವಾಯಿತು. ಪಾಲುಪಾರೀಕತ್ತಿನ ವಿಷಯ ನಮ್ಮ ಮಕ್ಕಳಿಗೆ ಹೇಳಿಕೊಡಬೇಕೆ? ಅಂದು ಸಂಜೆ ಮುಖ್ಯೋಪಾಧ್ಯಾಯರು ನಮ್ಮನ್ನು ಕರೆದು, "ಮೇಷ್ಟ್ರೇ, ಪರೀಕ್ಷೆಗೆ ಬಾರದ ಗೊಡವೆ ನಮಗೇಕೆ?" ಎಂದರು. ಡೋವರ್‌ನಲ್ಲಿ ನಡೆದದ್ದು ಇದರ ಹಿರಿಯಣ್ಣ.

2004ರ ಅಕ್ಟೋಬರ್ 18ರಂದು ಡೋವರ್ ಮಂಡಳಿ 6ಕ್ಕೆ 3 ಮತಗಳಿಂದ ಒಂದು ನಿರ್ಣಯ ಮಾಡಿತು. ಡಾರ್ವಿನ್ನನ ಸಿದ್ಧಾಂತದಲ್ಲಿ ಲೋಪಗಳಿವೆ, ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ರೂಪಿಸಿತೆಂಬ 'ಇಂಟೆಲಿಜೆಂಟ್ ಡಿಸೈನ್' ಎಂಬ ಬೇರೆ ವಿವರಣೆಯೂ ಇದೆ ಎಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ತಿಳಿಸಬೇಕು. ಹಾಗೆ ಹೇಳುವ ಪುಸ್ತಕದ ಸುಮಾರು 60 ಪ್ರತಿಗಳು ಶಾಲೆಗೆ 'ದಾನ'ವಾಗಿ ಬಂದವು. ದಾನಿಗಳು ಯಾರು? ಪ್ರಮಾಣ ಮಾಡಿಸಿ ಕೇಳಿದಾಗಲೂ ಮಂಡಳಿಯ ಮುಖಂಡರು ಗೊತ್ತಿಲ್ಲವೆಂದರು. ಕಡೆಗೆ ಹೊರಬಿದ್ದದ್ದೇನು? ಪಠ್ಯಕ್ರಮ ಸಮಿತಿಯ ಅಧ್ಯಕ್ಷನೇ ತನ್ನ ಚರ್ಚಿನಲ್ಲಿ 850 ಡಾಲರ್ ಎತ್ತಿ, ಇನ್ನೊಬ್ಬ ಸದಸ್ಯನ ತಂದೆಯ ಕೈಗೆ ಅದು ಸೇರುವಂತೆ ಮಾಡಿ, ಪುಸ್ತಕ ತರಿಸಿದ್ದ! ಧರ್ಮವನ್ನು ಉಳಿಸಲು ಹೊರಟವರಿಗೆ ಸುಳ್ಳು ಸಾಕ್ಷಿ ಹೇಳಲು ನಾಚಿಕೆಯಾಗಲಿಲ್ಲ.

ಆ ಊರಿನ ವಿಜ್ಞಾನದ ಉಪಾಧ್ಯಾಯರಿಗೆ ನಾವು ಇಲ್ಲಿಂದಲೇ ಕೈಮುಗಿಯುತ್ತೇವೆ. ಮಂಡಳಿ ಬರೆದುಕೊಟ್ಟ ಹೇಳಿಕೆಯನ್ನು ತರಗತಿಯಲ್ಲಿ ಓದಲಾರೆವು, ವಿಜ್ಞಾನವಲ್ಲದ್ದನ್ನು ವಿಜ್ಞಾನವೆಂದು ಮಕ್ಕಳ ಮುಂದಿಡುವುದು ನಮ್ಮ ವೃತ್ತಿಧರ್ಮಕ್ಕೆ ವಿರೋಧ ಎಂದು ಅವರು 2005ರ ಜನವರಿಯಲ್ಲಿ ಲಿಖಿತವಾಗಿ ತಿಳಿಸಿದರು. ಸಂಬಳ ಕೊಡುವವರಿಗೆ ಹೀಗೆ ಬರೆದುಕೊಡುವುದು ಸಣ್ಣ ಮಾತಲ್ಲವೆಂದು ಮಿಲ್ಲಿನಲ್ಲಿ ಒಮ್ಮೆಯಾದರೂ ಮುಷ್ಕರದ ನೋಟೀಸಿಗೆ ರುಜು ಹಾಕಿದವನು ಬಲ್ಲ. ಕಡೆಗೆ ಆಡಳಿತದ ಅಧಿಕಾರಿಗಳೇ ತರಗತಿಗೆ ಬಂದು ಹೇಳಿಕೆ ಓದಿ ಹೋದರು.

ಅಷ್ಟರಲ್ಲಿ 2004ರ ಡಿಸೆಂಬರ್ 14ರಂದು 11 ಮಂದಿ ತಂದೆತಾಯಿಗಳು ನ್ಯಾಯಾಲಯಕ್ಕೆ ಹೋಗಿದ್ದರು. 2005ರ ಸೆಪ್ಟೆಂಬರ್ 26ರಿಂದ ಹ್ಯಾರಿಸ್‌ಬರ್ಗ್‌ನಲ್ಲಿ ವಿಚಾರಣೆ. ಅಲ್ಲಿ ಆ ದಾನದ ಪುಸ್ತಕದ ಹಳೆಯ ಕರಡುಗಳನ್ನು ತೆಗೆಸಿ ನೋಡಿದರು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 'ಸೃಷ್ಟಿವಾದ'ವನ್ನು ಸರ್ಕಾರಿ ಶಾಲೆಯಲ್ಲಿ ವಿಜ್ಞಾನವೆಂದು ಕಲಿಸಕೂಡದೆಂದು ತೀರ್ಪು ಕೊಟ್ಟಿತ್ತು. ಅದಕ್ಕೆ ಮುಂಚಿನ ಕರಡಿನಲ್ಲಿ 'ಸೃಷ್ಟಿ' ಎಂದಿದ್ದ ಸುಮಾರು 150 ಕಡೆಗಳಲ್ಲಿ ಅನಂತರದ ಕರಡಿನಲ್ಲಿ 'ಇಂಟೆಲಿಜೆಂಟ್ ಡಿಸೈನ್' ಎಂದಾಗಿತ್ತು. ಅವಸರದಲ್ಲಿ ಒಂದು ಕಡೆ ಹಳೆಯ ಪದ ಪೂರ್ತಿ ಅಳಿಯದೆ ಹೊಸ ಪದದ ಎರಡೂ ಪಕ್ಕ ಅಂಟಿಕೊಂಡಿತ್ತು! ಹಳೆಯ ಮಾಲಿಗೆ ಹೊಸ ಚೀಟಿ ಅಂಟಿಸಿ ಮಾರುವ ವರ್ತಕನನ್ನು ನಮ್ಮ ಪೇಟೆಯವರು ಏನೆಂದು ಕರೆಯುತ್ತಾರೋ ಇವರನ್ನೂ ಹಾಗೆಯೇ ಕರೆಯಬೇಕು. ಮಂಡಳಿಯ ಪರ ಸಾಕ್ಷಿ ಹೇಳಿದ ಮೈಕೆಲ್ ಬೀಹಿ ಎಂಬ ಪ್ರಾಧ್ಯಾಪಕರು, ತಮ್ಮ ವ್ಯಾಖ್ಯೆಯ ಪ್ರಕಾರ ಫಲಜ್ಯೋತಿಷವೂ ವೈಜ್ಞಾನಿಕ ಸಿದ್ಧಾಂತವಾದೀತೆಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡರು.

ಇದನ್ನು ಆಸ್ತಿಕ ನಾಸ್ತಿಕರ ಜಗಳವೆಂದು ಯಾರೂ ತಪ್ಪು ತಿಳಿಯಬಾರದು. ವಿಕಾಸವಾದದ ಪರ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕ್ಯಾಥೊಲಿಕ್ ಶ್ರದ್ಧಾವಂತರು. ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ನೇಮಿಸಿದವರು ಅಧ್ಯಕ್ಷ ಜಾರ್ಜ್ ಬುಷ್. ಆ ನ್ಯಾಯಾಧೀಶರೇ 2005ರ ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಬರೆದು, ಇದು ವಿಜ್ಞಾನವಲ್ಲ, ವೇಷ ಹಾಕಿದ ಧರ್ಮಬೋಧೆ, ಸಂವಿಧಾನಕ್ಕೆ ವಿರುದ್ಧ ಎಂದರು. ದೇವರನ್ನು ನಂಬುವುದು ಬೇರೆ. ದೇವರ ಹೆಸರಿನಲ್ಲಿ ಇನ್ನೊಬ್ಬರ ಮಕ್ಕಳ ಪುಸ್ತಕ ತಿದ್ದುವುದು ಬೇರೆ.

ತೀರ್ಪಿಗಿಂತ ನಮಗೆ ಮುಖ್ಯವಾದದ್ದು ಅದಕ್ಕೆ ಆರು ವಾರ ಮೊದಲು ನಡೆದದ್ದು. 2005ರ ನವೆಂಬರ್ 8ರಂದು ಮಂಡಳಿಯ 8 ಸ್ಥಾನಗಳಿಗೆ ಚುನಾವಣೆ. ಎರಡೂ ದೊಡ್ಡ ಪಕ್ಷಗಳಿಗೆ ಸೇರಿದ ನೆರೆಹೊರೆಯವರು ಒಟ್ಟಾಗಿ ಎದುರು ನಿಂತರು. ಎಂಟಕ್ಕೆ ಎಂಟು ಹಳೆಯ ಸದಸ್ಯರೂ ಸೋತು ಮನೆಗೆ ಹೋದರು. ಟೆಲಿವಿಷನ್ ಧರ್ಮಬೋಧಕ ಪ್ಯಾಟ್ ರಾಬರ್ಟ್‌ಸನ್ ಕೆರಳಿ, ಇನ್ನು ನಿಮ್ಮ ಊರಿಗೆ ವಿಪತ್ತು ಬಂದರೆ ದೇವರ ಕಡೆ ತಿರುಗಬೇಡಿ, ಅವನನ್ನು ಓಡಿಸಿದವರು ನೀವೇ ಎಂಬರ್ಥದ ಶಾಪ ಕೊಟ್ಟ. ಶಾಪ ತಟ್ಟಲಿಲ್ಲ, ತಟ್ಟಿದ್ದು ಖರ್ಚು. ಹಳಬರ ಹಠಕ್ಕಾಗಿ 10 ಲಕ್ಷ ಡಾಲರಿಗೂ ಮೇಲೆ ಎದುರುಪಕ್ಷದ ವಕೀಲರ ಖರ್ಚು ತೆರಬೇಕಾದದ್ದು ತೆರಿಗೆದಾರರ ಶಾಲಾ ಬೊಕ್ಕಸದಿಂದ. ನಿದ್ದೆ ಮಾಡಿದ ಮತದಾರನಿಗೆ ಬಿಲ್ಲು ಮನೆಗೇ ಬರುತ್ತದೆ.

ಹಾಗಾದರೆ ಒಮ್ಮೆ ಎಚ್ಚೆತ್ತರೆ ಸಾಕೆ? ಅದೇ ನವೆಂಬರ್ 8ರಂದೇ ದೂರದ ಕಾನ್ಸಾಸ್ ರಾಜ್ಯದ ಶಿಕ್ಷಣ ಮಂಡಳಿ 6ಕ್ಕೆ 4 ಮತಗಳಿಂದ ವಿಕಾಸವಾದದ ಮೇಲೆ ಸಂಶಯ ಹುಟ್ಟಿಸುವ ಪಠ್ಯಮಾನಗಳನ್ನು ಅಂಗೀಕರಿಸಿತು. ಅಲ್ಲಿನ ಚರಿತ್ರೆ ನೋಡಿ: 1999ರಲ್ಲಿ ವಿಕಾಸದ ಬಹುಭಾಗ ಹೊರಕ್ಕೆ; 2000ದ ಚುನಾವಣೆಯಲ್ಲಿ ಸದಸ್ಯರು ಬದಲಾದರು, 2001ರಲ್ಲಿ ಪಾಠ ಒಳಕ್ಕೆ; ಮತ್ತೆ ಜನ ಮೈಮರೆತರು, 2005ರಲ್ಲಿ ಮತ್ತೆ ಸಂಶಯ; 2006ರಲ್ಲಿ ಮತ್ತೆ ಮತದಾರರು ಎದ್ದರು, 2007ರಲ್ಲಿ ಸರಿಪಡಿಸಿದರು. ಎಂಟು ವರ್ಷ ಮಕ್ಕಳ ಪುಸ್ತಕ ಮಗ್ಗದ ಲಾಳಿಯಂತೆ ಅತ್ತಿತ್ತ ಓಡಾಡಿತು.

ಇಲ್ಲಿ ಓದುಗರು ನಮ್ಮನ್ನು ತಡೆದು ಕೇಳಬಹುದು: ಭೂಮಿಯ ವಯಸ್ಸು ಕೈ ಎತ್ತಿ ನಿರ್ಧರಿಸುವ ವಿಷಯವೆ? ಖಂಡಿತ ಅಲ್ಲ. ತಕ್ಕಡಿಯ ಬಟ್ಟು ಎಷ್ಟು ತೂಗುತ್ತದೆಂದು ಗಿರಾಕಿಗಳು ಮತ ಹಾಕಿದರೆ ಬಟ್ಟಿನ ತೂಕ ಬದಲಾಗದು. ಆದರೆ ಕಳ್ಳಬಟ್ಟು ಇಟ್ಟ ಅಂಗಡಿಯವನನ್ನು ಹಿಡಿಯುವುದು ಗಿರಾಕಿಗಳ ಹಕ್ಕು. ಪಾಠದೊಳಗಿನ ವಿಷಯವನ್ನು ಬಲ್ಲವರು ಬಹಿರಂಗವಾಗಿ, ಕಾರಣ ಕೊಟ್ಟು ನಿರ್ಧರಿಸಲಿ. ಅವರನ್ನು ತಳ್ಳಿ ಲೇಖನಿ ಕಸಿದುಕೊಂಡವರನ್ನು ಇಳಿಸುವ ಅಧಿಕಾರ ಜನರಲ್ಲಿರಲಿ. ಡೋವರ್‌ನ ಮತದಾರರು ಸತ್ಯಕ್ಕೆ ಮತ ಹಾಕಲಿಲ್ಲ, ಕಳ್ಳಬಟ್ಟನ್ನು ಹೊರಗೆಸೆದರು.

ಈಗ ನಮ್ಮ ಕಡೆಗೆ ಬರೋಣ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯಮಂತ್ರಿ ಸತ್ಯಪಾಲ್ ಸಿಂಗ್ ಅವರು, ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಡಾರ್ವಿನ್ನನ ವಾದ ತಪ್ಪು, ಪಠ್ಯದಿಂದ ತೆಗೆಯಬೇಕು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಆ ಮಾತನ್ನು ಖಂಡಿಸಿದವು. ಆಮೇಲೆ 2022ರಲ್ಲಿ ಎನ್.ಸಿ.ಇ.ಆರ್.ಟಿ. ಕೋವಿಡ್ ಕಾಲದ ಹೊರೆ ಇಳಿಸುವ ನೆಪದಲ್ಲಿ ಹತ್ತನೆಯ ತರಗತಿಯ ಪಾಠಗಳನ್ನು ಕತ್ತರಿಸಿತು. 2023ರಲ್ಲಿ ಹೊಸ ಪುಸ್ತಕ ಬಂದಾಗ 'ಅನುವಂಶೀಯತೆ ಮತ್ತು ವಿಕಾಸ' ಎಂಬ ಅಧ್ಯಾಯದಲ್ಲಿ ಅನುವಂಶೀಯತೆ ಉಳಿದಿತ್ತು, ವಿಕಾಸ ಇರಲಿಲ್ಲ. 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗ ಪತ್ರಕ್ಕೆ ರುಜು ಹಾಕಿದರು. ಡೋವರ್‌ನಲ್ಲಿ 6ಕ್ಕೆ 3 ಎಂದಾದರೂ ಲೆಕ್ಕ ಸಿಕ್ಕಿತು. ಇಲ್ಲಿ ಯಾರು ಪರ, ಯಾರು ವಿರೋಧ? ಸೋಲಿಸೋಣವೆಂದರೆ ನಿಂತವರೇ ಇಲ್ಲ!

ಹನ್ನೆರಡನೆಯ ತರಗತಿಯಲ್ಲಿ ಆ ಪಾಠ ಇದೆಯಲ್ಲ ಎಂಬುದು ಅಧಿಕಾರಸ್ಥರ ಸಮಾಧಾನ. ಇದೆ, ಜೀವಶಾಸ್ತ್ರ ತೆಗೆದುಕೊಂಡವರಿಗೆ. ಹತ್ತು ಮುಗಿಸಿ ಐ.ಟಿ.ಐ.ಗೆ ಹೋಗುವ ಫಿಟ್ಟರನ ಮಗನಿಗೆ? ಅಂಗಡಿಯ ಗಲ್ಲೆಯ ಮೇಲೆ ಕೂರುವ ಕಿರಾಣಿಯವರ ಮಗಳಿಗೆ? ಉಳ್ಳವರ ಮಕ್ಕಳಿಗೆ ಮನೆಯಲ್ಲಿ ಪುಸ್ತಕದ ಕಪಾಟಿದೆ, ಬೇರೆ ಶಾಲೆಯಿದೆ. ಬಡವನ ಮಗುವಿಗೆ ಪಠ್ಯಪುಸ್ತಕವೇ ಗ್ರಂಥಾಲಯ. ಅದರಲ್ಲಿ ಹರಿದ ಹಾಳೆ ಅದರ ಬಾಳಿನಲ್ಲೇ ಹರಿದಂತೆ.

ಈ ಪಾಠ ಹೊಟ್ಟೆಗೆ ಹಿಟ್ಟು ಕೊಡುತ್ತದೆಯೆ ಎನ್ನುವವರು ಹತ್ತಿಯನ್ನು ಕೇಳಲಿ. ಹುಳುವನ್ನು ಕೊಲ್ಲುವ ವಿಷವನ್ನು ಗಿಡದೊಳಗೇ ಇಟ್ಟ ಬಿ.ಟಿ. ಹತ್ತಿಗೆ 2002ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು. 2010ರಲ್ಲಿ, ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಅದರ ಮೊದಲ ಬಗೆಯನ್ನು ತಿಂದೂ ಬದುಕುತ್ತಿದೆಯೆಂದು ಬೀಜದ ಕಂಪನಿಯೇ ಒಪ್ಪಿಕೊಂಡಿತು. ಹೇಗೆ? ಲಕ್ಷ ಹುಳುಗಳಲ್ಲಿ ವಿಷ ತಾಳುವ ನಾಲ್ಕು ಉಳಿದವು. ಆ ನಾಲ್ಕೇ ಸಂತಾನ ಬೆಳೆಸಿದವು. ಕಡೆಗೆ ಹೊಲದ ತುಂಬ ಅವುಗಳ ವಂಶವೇ. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಇದೇ. ಕ್ಷಯದ ಔಷಧಿಯನ್ನು ಅರ್ಧಕ್ಕೆ ಬಿಟ್ಟ ಕಾರ್ಮಿಕನ ಎದೆಯಲ್ಲಿ ಔಷಧಿಗೆ ಬಗ್ಗದ ರೋಗಾಣು ಬೆಳೆಯುವುದೂ ಇದೇ ರೀತಿ. ಇನ್ನೊಂದು ಮಾತು: ಮನುಷ್ಯರೆಲ್ಲರದೂ ಒಂದೇ ಬುಡ ಎಂದು ಕಲಿತ ಹುಡುಗ, ಕೆಲವರು ಮುಖದಿಂದ ಹುಟ್ಟಿದವರು, ಕೆಲವರು ಪಾದದಿಂದ ಎಂಬ ಮಾತನ್ನು ಸುಲಭವಾಗಿ ನುಂಗಲಾರ. ಈ ಪಾಠ ಯಾರಿಗೆ ಬೇಡವಾದೀತೆಂದು ಓದುಗರೇ ಊಹಿಸಲಿ.

ನಮ್ಮ ಬೇಡಿಕೆ ಸರಳವಾದದ್ದು. ಪುಸ್ತಕದಿಂದ ಒಂದು ಪಾಠ ತೆಗೆಯುವುದಾದರೆ ತೆಗೆಯುವವರ ಹೆಸರು, ಕೊಡುವ ಕಾರಣ, ವಿಷಯ ಬಲ್ಲವರ ಅಭಿಪ್ರಾಯ ಮೊದಲೇ ಪ್ರಕಟವಾಗಲಿ. ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಆಕ್ಷೇಪಣೆ ಹೇಳಲು ಅವಕಾಶವಿರಲಿ. ಅಲ್ಲಿಯವರೆಗೆ ಕೈಯಲ್ಲಿರುವ ಸಣ್ಣ ಆಯುಧವನ್ನಾದರೂ ಹಿಡಿಯೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರು, ಅರ್ಧ ಪಾಲು ಹೆಂಗಸರು ಇರಬೇಕು. ಪಠ್ಯ ಬರೆಯುವ ಅಧಿಕಾರ ಅದಕ್ಕಿಲ್ಲ, ನಿಜ. ಆದರೆ ನಿಮ್ಮ ಮಕ್ಕಳ ಶಾಲೆಯಲ್ಲಿ ಆ ಸಮಿತಿಯ ಸದಸ್ಯರು ಯಾರು? ಕಳೆದ ಸಭೆ ಎಂದು ನಡೆಯಿತು? ವಿಜ್ಞಾನದ ಉಪಾಧ್ಯಾಯರು ಇದ್ದಾರೆಯೆ? ಯಾವ ಪಾಠ ಹೇಳದೆ ಬಿಟ್ಟರು?

ಮುಂದಿನ ಸಭೆಗೆ ಹೋಗಿ ಈ ನಾಲ್ಕು ಪ್ರಶ್ನೆ ಕೇಳಿ. ಮೊದಲ ಪಾಳಿಯವರಿಗೆ ಸಂಜೆ ಬಿಡುವಿದೆ, ವರ್ತಕ ಬಂಧುಗಳು ವಾರದ ರಜೆಯ ದಿನ ಹೋಗಬಹುದು, ತಾಯಂದಿರು ಜೊತೆಗೂಡಲಿ. ಡೋವರ್‌ನಲ್ಲಿ ಕೀಲಿಕೈಯನ್ನು ಮರಳಿ ಪಡೆದವರು ದೊಡ್ಡ ಮನುಷ್ಯರಲ್ಲ, ಅಕ್ಕಪಕ್ಕದ ಮನೆಯವರು. ನಾವೂ ಅಷ್ಟೇ ಮಂದಿ ಸಾಕು, ಎಚ್ಚರವಾಗಿದ್ದರೆ.